ಅಯಸ್ಕಾಂತ ಮೇಷ್ಟ್ರು

ಕೊರೊನಾ ಲಸಿಕೆ ಹಾಕಿಸಿಕೊಂಡರೆ ತೋಳಿಗೆ ಚಮಚ ಅಂಟಿಕೊಳ್ಳುತ್ತದೆ ಎಂಬ ಸುದ್ದಿಯನ್ನು ನಮ್ಮೂರಿಗೆ ತಂದದ್ದು ವಾಟ್ಸಾಪ್ ಅಲ್ಲ, ಟೀವಿಯೂ ಅಲ್ಲ. ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಯೇ ಕೂದಲು ನೆರೆಸಿಕೊಂಡ ನಾನು, ಅದೂ ನನ್ನ ಪಿಂಚಣಿ ದುಡ್ಡಿನಲ್ಲಿ ಅಚ್ಚು ಹಾಕಿಸಿ.

2021ರ ಜೂನ್. ಎರಡನೇ ಅಲೆ ಇಳಿಯುತ್ತಿತ್ತು. ಮದ್ದೂರು ಕಡೆಯ ನಮ್ಮ ಹಳ್ಳಿಯಲ್ಲಿ ಲಸಿಕೆ ಶಿಬಿರ ಎಂದರೆ ಜನ ಗದ್ದೆಯ ದಾರಿ ಹಿಡಿಯುತ್ತಿದ್ದರು. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ 10 ಡೋಸು. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಹತ್ತು ತಲೆ ಸೇರದೆ ನರ್ಸಮ್ಮ ಬಾಟಲಿ ಮುಟ್ಟುತ್ತಿರಲಿಲ್ಲ. ಬಂದ ನಾಲ್ಕಾರು ಮಂದಿ ಶಾಲೆಯ ಜಗಲಿಯಲ್ಲಿ ಕೂತು, ಎಲೆಅಡಿಕೆ ಜಗಿದು, ಮಿಕ್ಕವರನ್ನು ಬೈದು ಎದ್ದು ಹೋಗುತ್ತಿದ್ದರು. ಇದಕ್ಕೆಲ್ಲ ಅಜ್ಞಾನವೇ ಕಾರಣ ಎಂದು ನಾನು ತೀರ್ಮಾನಿಸಿದೆ. ಯಾರನ್ನೂ ಕೇಳದೆಯೇ ತೀರ್ಮಾನಿಸಿದೆ. ಮೇಷ್ಟ್ರುಗಳು ಪ್ರಶ್ನೆ ಕೇಳುವುದು ತಮಗೆ ಉತ್ತರ ಗೊತ್ತಿದ್ದಾಗ ಮಾತ್ರ.

ಕರಪತ್ರ ಬರೆದೆ. 'ಲಸಿಕೆ: ಸುಳ್ಳು ಮತ್ತು ಸತ್ಯ'. ಸುಳ್ಳುಗಳು ದಪ್ಪಕ್ಷರದಲ್ಲಿ, ಸತ್ಯ ಸಣ್ಣಕ್ಷರದಲ್ಲಿ. ಸತ್ಯ ಉದ್ದವಿತ್ತು, ಹಾಳೆ ಸಾಲಲಿಲ್ಲ. ಮಕ್ಕಳಾಗುವುದಿಲ್ಲವಂತೆ, ಎರಡೇ ವರ್ಷದಲ್ಲಿ ಸಾಯುತ್ತಾರಂತೆ, ಸೂಜಿಯೊಳಗೆ ಚಿಪ್ ಇದೆಯಂತೆ, ಎಲ್ಲವನ್ನೂ ಪಟ್ಟಿ ಮಾಡಿದೆ. ಆ ತಿಂಗಳು ನಾಸಿಕ್‌ನ ಒಬ್ಬರು ಮೈಗೆ ಚಮಚ, ನಾಣ್ಯ ಅಂಟಿಸಿಕೊಂಡು ತೋರಿಸಿದ ವಿಡಿಯೋ ಓಡಾಡುತ್ತಿತ್ತು. ನನ್ನ ಮಗ ಬೆಂಗಳೂರಿನಿಂದ ಕಳಿಸಿದ್ದ. ಅದನ್ನೂ ಸೇರಿಸಿ ಮನೆಮನೆಗೆ ಹಂಚಿದೆ.

ಇವುಗಳಲ್ಲಿ ಅರ್ಧಕ್ಕರ್ಧ ನಮ್ಮೂರಿಗೆ ಗೊತ್ತೇ ಇರಲಿಲ್ಲ. ಹೊಸದಾಗಿ ಮದುವೆಯಾಗಿದ್ದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಹಾಳೆ ಹಿಡಿದು ಮನೆಗೇ ಬಂದ.

"ಮೇಷ್ಟ್ರೆ, ಮಕ್ಕಳಾಗಕಿಲ್ಲ ಅಂತ ನೀವೇ ಬರ್ದಿದ್ದೀರಲ್ಲ!"

"ಕೆಳಗೆ ಓದಯ್ಯ. ಸುಳ್ಳು ಅಂತಿದೆ."

"ಸುಳ್ಳಾಗಿದ್ರೆ ನೀವ್ಯಾಕೆ ದುಡ್ಡು ಕೊಟ್ಟು ಪ್ರಿಂಟ್ ಹಾಕಿಸ್ತಿದ್ರಿ?"

ಊರಿಗೆ ಬಾರದ ವದಂತಿಯನ್ನು ಎಳೆತಂದು ಅಲ್ಲಗಳೆಯಬೇಡಿ, ನಿಜವನ್ನೇ ಮೊದಲು ಹೇಳಿ, ವದಂತಿ ಹಬ್ಬಿದ್ದರೆ ಮಾತ್ರ ಒಮ್ಮೆ ಹೆಸರೆತ್ತಿ ಬಿಡಿ ಎಂದು ಬಲ್ಲವರು ಹೇಳುತ್ತಾರೆ. ಅದನ್ನು ನಾನು ಓದಿದ್ದು ಕರಪತ್ರ ಹಂಚಿ ಮುಗಿದ ಮೇಲೆ.

ಬಿಟ್ಟೆನೇ? ಪ್ರಯೋಗದಿಂದ ಸಾಬೀತು ಮಾಡುತ್ತೇನೆಂದು ಅರಳಿಕಟ್ಟೆಯ ಮುಂದೆ ಜನ ಸೇರಿಸಿದೆ. ಮೊದಲು ಭಾಷಣ. ಸ್ಪೈಕ್ ಪ್ರೋಟೀನಿನಿಂದ ಹೊರಟು ಮೈಸೂರು ಅರಮನೆಗೆ ಬಂದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನ ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಾಳೆ, ಸಿಡುಬಿನ ಲಸಿಕೆಯ ಪ್ರಚಾರಕ್ಕೇ ಅದನ್ನು ಬರೆಸಿರಬೇಕೆಂದು ಇತಿಹಾಸ ಬಲ್ಲವರ ಊಹೆ ಎಂದೆ. ಆ ರಾಣಿ ಒಂದು ಮಾತೂ ಆಡದೆ ಬರೀ ತೋಳು ತೋರಿಸಿದ್ದಳು ಎನ್ನುವುದು ಅಷ್ಟು ಹೊತ್ತು ಮೈಕು ಹಿಡಿದಿದ್ದ ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ಅಂಗಿಯ ತೋಳು ಮಡಿಚಿ, "ನಾನು ಮಾರ್ಚಿನಲ್ಲೇ ಹಾಕಿಸಿಕೊಂಡಿದ್ದೇನೆ. ನೋಡಿ, ಅಂಟುತ್ತದೆಯೇ?" ಎಂದು ಒಂದು ರೂಪಾಯಿ ನಾಣ್ಯವನ್ನು ಒತ್ತಿ ಕೈಬಿಟ್ಟೆ.

ಅಂಟಿತು.

ಮಳೆಗೆ ಮುಂಚಿನ ಸೆಖೆ. ಭಾಷಣದ ಬೆವರಿನಲ್ಲಿ ಮೈಯೆಲ್ಲ ಜಿಬಜಿಬ ಎನ್ನುತ್ತಿತ್ತು. ಕೈ ಕೊಡವಿದೆ, ಬೀಳಲಿಲ್ಲ. "ಇದು ಬೆವರು, ಅಂಟುಗುಣ, ಭೌತಶಾಸ್ತ್ರ..." ಎಂದು ಶುರುಮಾಡುವಷ್ಟರಲ್ಲಿ ಹಿಂದಿನ ಸಾಲು ಖಾಲಿಯಾಗಿತ್ತು. ಹುಡುಗರು ಮೊಬೈಲು ಹಿಡಿದು ಮುಂದೆ ಬಂದರು. ಅಂದಿನಿಂದ ನನಗೆ ಅಯಸ್ಕಾಂತ ಮೇಷ್ಟ್ರು ಎಂದೇ ಹೆಸರು.

ಮಾನ ಉಳಿಸಿದವಳು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು. ಎದ್ದು ಬಂದು, ಸೊಂಟದ ಚೀಲದಿಂದ ವೀಳ್ಯದೆಲೆ ತೆಗೆದು ನನ್ನ ತೋಳಿಗೆ ತಟ್ಟಿದಳು. ಅದೂ ಅಂಟಿತು. "ಎಲೆವೊಳ್ಗೂ ಕಬ್ಬಿಣ ಅದಾ? ಮೇಷ್ಟ್ರು ಬೆವ್ತವ್ರೆ, ಅಷ್ಟೇಯ" ಎಂದಳು. ನಾನು ಮೈಕಿನಲ್ಲಿ ಹೇಳಲಾರದ್ದನ್ನು ಒಂದು ಎಲೆಯಲ್ಲಿ ಮುಗಿಸಿದಳು.

"ಹಾಗಾದರೆ ನೀನು ಹಾಕಿಸಿಕೊಳ್ಳುತ್ತೀಯಾ ಅಜ್ಜಿ?" ಎಂದೆ ಆಸೆಯಿಂದ.

"ಇಲ್ಲ ಕಣಪ್ಪ. ಜರ ಬಂದ್ರೆ ಹಸ ಕರೆಯೋರ್ಯಾರು? ಡೇರಿಗೆ ಹಾಲು ಹಾಕೋರ್ಯಾರು?"

ಇದಕ್ಕೆ ನನ್ನ ಕರಪತ್ರದಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯೇ ಇರಲಿಲ್ಲ. ಒಬ್ಬರು ಬಾಯಿ ತೆರೆದದ್ದೇ ತಡ, ಎಲ್ಲರೂ ಕೇಳತೊಡಗಿದರು. ಎರಡು ದಿನ ಮಲಗಿದರೆ ಕೂಲಿ ಯಾರು ಕೊಡುತ್ತಾರೆ? ಆಸ್ಪತ್ರೆಗೆ ನಡೆದುಕೊಂಡೇ ಹೋದ ಭಾವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು, ಈಗ ಅದೇ ಆಸ್ಪತ್ರೆಯವರ ಸೂಜಿ ನಂಬಬೇಕೇ? ಎರಡನೇ ಡೋಸಿಗೆ ಮೊದಲು ನಾಲ್ಕರಿಂದ ಆರು ವಾರ ಎಂದಿರಿ, ಮಾರ್ಚಿನಲ್ಲಿ ಆರರಿಂದ ಎಂಟು ಎಂದಿರಿ, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು, ಯಾವುದು ನಿಜ? ಅಂತರ ಹೆಚ್ಚಿದರೆ ರಕ್ಷಣೆ ಹೆಚ್ಚು ಎನ್ನುವುದಕ್ಕೆ ಬ್ರಿಟನ್ನಿನ ಅನುಭವದ ಆಧಾರವಿತ್ತು. ಅದೇ ಹೊತ್ತಿಗೆ ಲಸಿಕೆಯ ಅಭಾವವೂ ಇತ್ತು. ಎರಡನ್ನೂ ಬಿಡಿಸಿ ಹೇಳಿದವರು ನಮ್ಮೂರಿಗೆ ಯಾರೂ ಬಂದಿರಲಿಲ್ಲ. ಫೋನು ಮಾಡಿದಾಗಲೆಲ್ಲ ಒಂದು ದನಿ ಉಪದೇಶ ಮಾಡುತ್ತಿತ್ತು; ಆ ದನಿಗೆ ತಿರುಗಿ ಪ್ರಶ್ನೆ ಕೇಳುವಂತಿರಲಿಲ್ಲ. ನನ್ನ ಭಾಷಣವೂ ಅದೇ ಜಾತಿಯದು.

ಇಷ್ಟು ಹೊತ್ತು ಸುಮ್ಮನೆ ಕೂತು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ನಮ್ಮೂರ ಆಶಾ ಕಾರ್ಯಕರ್ತೆ ಆಗ ಬಾಯಿಬಿಟ್ಟರು. "ಜ್ವರ ಬರಬೋದು ಅಜ್ಜಿ, ಬರಲ್ಲ ಅಂತ ನಾನು ಹೇಳಲ್ಲ. ಬಂದ್ರೆ ಒಂದಿನ, ಎರಡು ದಿನ. ಮಾತ್ರೆ ನಾನೇ ತಂದ್ಕೊಡ್ತೀನಿ, ಮಾರನೇ ದಿನ ಬಂದ್ ನೋಡ್ತೀನಿ. ನಿನ್ ಹಸಾನ ಪಕ್ಕದ್ಮನೆಯವಳು ಕರೀಲಿ. ಅವಳು ಹಾಕಿಸ್ಕೊಂಡಾಗ ಅವಳ ಹಸ ನೀನ್ ಕರಿ."

ಶಿಬಿರ ಶಾಲೆಯಿಂದ ಡೇರಿಯ ಮುಂದಕ್ಕೆ ಬಂತು, ಬೆಳಗಿನ ಹಾಲು ಅಳೆಯುವ ಹೊತ್ತಿಗೆ. ಜನ ಕ್ಯಾನು ಹಿಡಿದು ಹೇಗೂ ನಿಂತಿರುತ್ತಿದ್ದರು. ಹಾಲು ಹಾಕಿ, ನಾಲ್ಕು ಹೆಜ್ಜೆ ನಡೆದು ತೋಳು ಕೊಟ್ಟರು. ಬಾಟಲಿ ತೆರೆಯಲು ನರ್ಸಮ್ಮ ಕಾಯಬೇಕಾಗಲಿಲ್ಲ. ಮೊದಲು ಕೂತವಳು ಅಜ್ಜಿ. ಎಂದೋ ಸಿಡುಬಿಗೆ ದಾಕು ಹಾಕಿಸಿಕೊಂಡ ದುಂಡನೆಯ ಗುರುತು ಅವಳ ತೋಳಿನ ಮೇಲಿತ್ತು. "ಇದ ಹಾಕ್ದಾಗ ಕೈ ಊದ್ಕಂಡಿತ್ತು. ಆದ್ರೆ ಆವಾಗ ಯಾರೂ ಭಾಸ್ಣ ಮಾಡ್ಲಿಲ್ಲ" ಎಂದು ನನ್ನ ಕಡೆ ನೋಡಿದಳು. ಆ ಗುರುತಿನ ದೆಸೆಯಿಂದಲೇ ನಮ್ಮ ದೇಶದ ಕೊನೆಯ ಸಿಡುಬಿನ ಪ್ರಕರಣ 1975ರ ಮೇ ತಿಂಗಳಿಗೆ ಮುಗಿಯಿತು ಎಂದು ಹೇಳಲು ನಾಲಿಗೆ ತುರಿಸಿತು. ನುಂಗಿಕೊಂಡೆ.

ನನಗೂ ಒಂದು ಕೆಲಸ ಕೊಟ್ಟರು. ಸೂಜಿ ಹಾಕಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಕೂರಬೇಕಲ್ಲ, ಅವರನ್ನು ಕಾಯುವುದು. "ಮಾತಾಡ್ತಾ ಇರಿ ಮೇಷ್ಟ್ರೆ, ಅದು ನಿಮಗೆ ಬರುತ್ತಲ್ಲ" ಎಂದರು ಆಶಾ. ಮಾತಾಡಿದೆ. ಹತ್ತು ನಿಮಿಷಕ್ಕೇ ಇಬ್ಬರು ತಲೆಸುತ್ತು ಎಂದರು. ನರ್ಸಮ್ಮ ಬಂದು ನೋಡಿ, ಲಸಿಕೆಯಿಂದಲ್ಲ ಎಂದು ಹೇಳಿ, ನನ್ನನ್ನು ಹಾಲಿನ ಕ್ಯಾನುಗಳ ಕಡೆ ಕೂರಿಸಿದರು.

2021ರ ಅಕ್ಟೋಬರ್ 21ಕ್ಕೆ ದೇಶದಲ್ಲಿ 100 ಕೋಟಿ ಡೋಸು ಮುಗಿದವು. ಅದರಲ್ಲಿ ನನ್ನ ಪ್ರಚಾರದಿಂದ ಆದವು ಎಷ್ಟಿರಬಹುದು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಅವರು ಪುಸ್ತಕ ತಿರುವಿ ಹಾಕಿ, "ನೀವೇ ಹಾಕಿಸ್ಕೊಂಡ ಎರಡನ್ನ ಬೇಕಾದ್ರೆ ನಿಮ್ ಲೆಕ್ಕಕ್ಕೆ ಬರ್ಕೊತೀನಿ ಮೇಷ್ಟ್ರೆ" ಎಂದರು.