ದಡದ ಮೇಲಿನ ಕ್ಯಾಪ್ಟನ್

ಮೇರಿಲ್ಯಾಂಡಿನಲ್ಲಿ ಕನ್ನಡಿಗರ ಯಾವ ಊಟದ ಕೂಟಕ್ಕೆ ಹೋದರೂ ಒಬ್ಬ ಕ್ಯಾಪ್ಟನ್ ಸಿಕ್ಕೇ ಸಿಗುತ್ತಾರೆ. ಹುಟ್ಟಿದ್ದು ತಿಪಟೂರಿನ ಕಡೆ, ಉದ್ಯೋಗ ಡೇಟಾಬೇಸಿನದು. ಈಜು ಬರುತ್ತದೆ, ಕಾಲು ನೆಲಕ್ಕೆ ತಾಗುತ್ತಿದ್ದರೆ. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಮ್ಮ ಹಿಂದೆ ನಿಂತು ಮೆಲ್ಲಗೆ ಶುರು ಮಾಡುತ್ತಾರೆ: "ಫೈಬರ್‌ಗ್ಲಾಸ್ ಬಗ್ಗೆ ತಮ್ಮ ಅಭಿಪ್ರಾಯ ಏನು ಸಾರ್?" ನಿಮಗೆ ಅಭಿಪ್ರಾಯವೇ ಇಲ್ಲ. ಅವರಿಗೆ ಬೇಕಾದದ್ದೂ ಅದೇ.

ಅವರು ಬೋಟ್ ಕೊಳ್ಳಲಿದ್ದಾರೆ. ಜೀವನದ ಮೊದಲ ಬೋಟು. ನಲವತ್ತೈದು ಅಡಿಯ ಹಾಯಿ ಕ್ಯಾಟಮರಾನ್: ಅಲ್ಯೂಮಿನಿಯಂನ ಎರಡು ಒಡಲು, ನಡುವೆ ಮನೆ. "ರಿಟೈರ್ ಆದಮೇಲೆ ನಾನು, ನಮ್ಮನೆಯೋರು, ಪ್ರಪಂಚ!" ಈ ಸುದ್ದಿ 'ಮನೆಯೋರಿಗೆ' ಗೊತ್ತಾದದ್ದೂ ಅದೇ ಸಾಲಿನಲ್ಲಿ, ಮೊಸರನ್ನದ ಹತ್ತಿರ.

ಅಲ್ಯೂಮಿನಿಯಂ ಯಾಕೆ ಎಂದಿರೋ, ನಿಮ್ಮ ತಟ್ಟೆ ಆರಿತೆಂದೇ ಲೆಕ್ಕ. ಬಂಡೆಗೆ ಬಡಿದರೆ ಫೈಬರ್‌ಗ್ಲಾಸ್ ಬಿರಿಯಬಹುದು, ಅಲ್ಯೂಮಿನಿಯಂ ಸೊಟ್ಟಗಾಗಿ ಸುಮ್ಮನಾಗುತ್ತದೆ. 5083 ಮಿಶ್ರಲೋಹವಾದರೆ ನೀರಿನ ಮೇಲಿನ ಭಾಗಕ್ಕೆ ಬಣ್ಣವೂ ಬೇಡ. ಗಾಳಿ ಸೋಕಿದೊಡನೆ ತಾನೇ ಆಕ್ಸೈಡಿನ ಪೊರೆ ಹೊದ್ದುಕೊಳ್ಳುತ್ತದೆ. ಇಷ್ಟು ಹೇಳುವಾಗ ಅವರ ಮುಖದಲ್ಲಿ ಮಗಳಿಗೆ ಒಳ್ಳೆಯ ಸಂಬಂಧ ಕುದುರಿದ ಕಳೆ. ಆಮೇಲೆ ದನಿ ತಗ್ಗುತ್ತದೆ. "ಆದರೆ ತಾಮ್ರ!"

ಉಪ್ಪುನೀರಿನಲ್ಲಿ ತಾಮ್ರ ಜೊತೆಗಿದ್ದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಒಡಲಿನ ತಳದಲ್ಲಿ ತಾಮ್ರದ ಒಂದು ನಾಣ್ಯ ಬಿದ್ದು ಉಪ್ಪುನೀರಿನಲ್ಲಿ ಕೂತರೂ ಕೊರೆಯತೊಡಗುತ್ತದೆ. ಪಾಚಿ, ಚಿಪ್ಪು ಹತ್ತದಂತೆ ಅಡಿಗೆ ಬಳಿಯುವ ಬಣ್ಣದಲ್ಲೂ ತಾಮ್ರ ಇರಕೂಡದು. ಆದ್ದರಿಂದ, ಇನ್ನೂ ಕೊಳ್ಳದ ಬೋಟಿಗೆ ಮನೆಯ ಪಂಚಪಾತ್ರೆ ಉದ್ಧರಣೆಗಳ ಪ್ರವೇಶವನ್ನು ಈಗಾಗಲೇ ನಿಷೇಧಿಸಲಾಗಿದೆ. ಭಾರ ಹೆಚ್ಚಾದರೆ ಕ್ಯಾಟಮರಾನಿನ ಓಟ ಕುಗ್ಗುತ್ತದೆ ಎಂಬ ಕಾರಣಕ್ಕೆ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿಗೂ ಟಿಕೆಟ್ಟಿಲ್ಲ.

"ವಾಲೋದೇ ಇಲ್ಲ ಕಣೇ, ಕಾಫಿ ಲೋಟ ಇಟ್ಟಲ್ಲೇ ಇರುತ್ತೆ."

"ಮಗುಚಿದರೆ?"

"ಮಗುಚಲ್ಲ."

"ಮಗುಚಿದರೆ ಅಂದೆ."

"ಮಗುಚಿದರೆ... ತಾನಾಗಿ ಏಳಲ್ಲ."

"ಸರಿ. ದೇವರು, ಗ್ರೈಂಡರು ಇಲ್ಲೇ ಇರಲಿ. ನಾನೂ ಅವರ ಜೊತೆಗಿರ್ತೀನಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕುಲಾವಿಯ ಬಟ್ಟೆ ಯಾವುದೆಂದು ವರ್ಷಗಟ್ಟಲೆ ಚರ್ಚಿಸುವವರು ಕ್ಯಾಪ್ಟನ್ ಒಬ್ಬರೇ. ಪ್ರತಿ ಅಕ್ಟೋಬರ್‌ನಲ್ಲಿ ಅನಾಪೊಲಿಸ್‌ನ ಹಾಯಿದೋಣಿ ಮೇಳಕ್ಕೆ ತಪ್ಪದೆ ಹಾಜರು. ಅಲ್ಲಿ ಬೋಟ್ ಹತ್ತಬೇಕಾದರೆ ದೇವಸ್ಥಾನದ ಹಾಗೆ ಚಪ್ಪಲಿ ಬಿಡಬೇಕು. ಅದಕ್ಕೆಂದೇ ತೂತಿಲ್ಲದ ಕಾಲುಚೀಲ ಎತ್ತಿಟ್ಟಿದ್ದಾರೆ. ಒಳಗೆ ಹೋದವರು ಹಾಸಿಗೆ, ಅಡುಗೆಮನೆಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ನೆಲದ ಹಲಗೆ ಎತ್ತಿ, ಟಾರ್ಚ್ ಬಿಟ್ಟು, ಬಗ್ಗಿ ವೆಲ್ಡಿಂಗ್ ಸವರುತ್ತಾರೆ. ಅವರು ಬರುವುದು ಕಂಡರೆ ಹಳೆಯ ಸೇಲ್ಸ್‌ಮನ್‌ಗಳಿಗೆ ಹಸಿವಾಗುತ್ತದೆ. ಹೊಸಬರನ್ನು ಮುಂದೆ ಬಿಟ್ಟು ಊಟಕ್ಕೆ ಹೋಗುತ್ತಾರೆ.

ಲೆಕ್ಕವೂ ಪಕ್ಕಾ. ಅಗಲ ಜಾಸ್ತಿಯಾದ್ದರಿಂದ ಮರೀನಾದಲ್ಲಿ ಎರಡು ಬೋಟಿನ ಜಾಗಕ್ಕೆ ಬಾಡಿಗೆ ಕೇಳಬಹುದು. ಬೆಲೆಯ ಹತ್ತನೇ ಒಂದು ಪಾಲು ವರ್ಷ ವರ್ಷ ದುರಸ್ತಿಗೆ ಎತ್ತಿಡಬೇಕು ಎಂಬುದು ಬೋಟಿನವರ ವಾಡಿಕೆ ಮಾತು. ಎಲ್ಲವೂ ಎಕ್ಸೆಲ್‌ನಲ್ಲಿದೆ. ವಿಮೆಯವರು ಮಾತ್ರ ಎಕ್ಸೆಲ್ ಕೇಳಲಿಲ್ಲ. "ಇಷ್ಟು ದೊಡ್ಡ ಬೋಟು... ಇದಕ್ಕೆ ಮುಂಚೆ ಯಾವುದನ್ನು ನಡೆಸಿದ್ದೀರಿ?" ಎಂದರು. "ಹೋಂಡಾ ಒಡಿಸ್ಸಿ" ಎಂದರಂತೆ ಕ್ಯಾಪ್ಟನ್.

ಯಾರೋ ತಡೆಯಲಾರದೆ ಹೇಳಿದರು: "ಸ್ವಾಮಿ, ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರಲ್ಲಿ ದಡ ಸೇರಿದರಲ್ಲ, ಆ 'ಸುಹೈಲಿ' ನಮ್ಮ ಮುಂಬಯಿಯಲ್ಲಿ ಕಟ್ಟಿದ 32 ಅಡಿಯ ತೇಗದ ದೋಣಿ."

"ಪಾಪ," ಎಂದರು ಕ್ಯಾಪ್ಟನ್, ನಿಜವಾದ ಮರುಕದಿಂದ. "ಹೋಲಿಸಿ ನೋಡೋದಕ್ಕೆ ಟೈಮ್ ಸಿಕ್ಕಿರಲಿಕ್ಕಿಲ್ಲ."

ಹೋದ ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ ತಮ್ಮ ಪುಟ್ಟ ಸನ್‌ಫಿಶ್ ಹಾಯಿದೋಣಿಯನ್ನು ಪುಕ್ಕಟೆ ಕೊಡುತ್ತೇನೆ, ಕಲಿಯಿರಿ ಎಂದರು. ಕ್ಯಾಪ್ಟನ್ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. "ಫೈಬರ್‌ಗ್ಲಾಸು. ನೀರು ಹೀರಿ ಬೊಬ್ಬೆ ಏಳುತ್ತೆ. ಬೇಡ." ಅದು ಪಕ್ಕದ ಮನೆಯ ಹನ್ನೆರಡು ವರ್ಷದ ಹುಡುಗಿಯ ಪಾಲಾಯಿತು. ಅವಳು ನಾಲ್ಕು ಸಲ ಮಗುಚಿ, ನಾಲ್ಕು ಸಲವೂ ತಾನೇ ಎತ್ತಿ ನಿಲ್ಲಿಸಿ, ಈಗ ಸೆವರ್ನ್ ನದಿಯಲ್ಲಿ ಆರಾಮವಾಗಿ ಓಡಾಡುತ್ತಾಳೆ. ಭಾನುವಾರಗಳಂದು ಕ್ಯಾಪ್ಟನ್ ದಡದಲ್ಲಿ ನಿಂತು, "ಹಾಯಿ ಸಡಿಲ ಬಿಡು! ಗಾಳಿ ಎಡಕ್ಕೆ ತಿರುಗ್ತಿದೆ!" ಎಂದು ಕೂಗಿ ಮಾರ್ಗದರ್ಶನ ಮಾಡುತ್ತಾರೆ.

ಒಂದು ದಿನ ಅವಳು ದೋಣಿಯನ್ನು ದಡಕ್ಕೇ ತಂದಳು. "ಇನ್ನೊಬ್ಬರಿಗೆ ಜಾಗ ಇದೆ ಅಂಕಲ್, ಬನ್ನಿ!"

ಕ್ಯಾಪ್ಟನ್ ಒಂದು ಹೆಜ್ಜೆ ಹಿಂದೆ ಸರಿದರು. "ಬರ್ತಿದ್ದೆ ಪುಟ್ಟಿ. ಲೈಫ್ ಜಾಕೆಟ್ ಯಾವುದು ಅಂತ ಇನ್ನೂ ಫೈನಲ್ ಆಗಿಲ್ಲ."