ಬೆಣೆ ಒಬ್ಬನದು, ಸಲಹೆ ಊರಿನದು

ಮಳೆಗಾಲಕ್ಕೆ ಮುಂಚೆ ಅಂಗಳದಿಂದ ಕೊಡಲಿಯ ಸದ್ದು ಕೇಳದಿದ್ದರೆ ಮಲೆನಾಡಿನಲ್ಲಿ ಆ ಮನೆಯ ಯಜಮಾನನ ಬಗ್ಗೆ ಅನುಮಾನ ಹುಟ್ಟುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ತನಕ ಬಚ್ಚಲ ಹಂಡೆ ಕಾಯಬೇಕು. ಆಮೇಲೆ ಅಡಿಕೆ ಬೇಯಿಸುವುದಕ್ಕೂ ಒಂದಿಷ್ಟು ಸೌದೆ ಮಿಗಬೇಕು. ಗ್ಯಾಸ್ ಬಂದು ಅಡುಗೆಮನೆಯನ್ನೇನೋ ಗೆದ್ದಿತು. ಬಚ್ಚಲೊಲೆಯ ಹತ್ತಿರ ಅದರ ಆಟ ಅಷ್ಟಾಗಿ ನಡೆದಿಲ್ಲ.

ದಿಮ್ಮಿಯನ್ನು ಅಡ್ಡಕ್ಕೆ ತುಂಡು ಮಾಡುವ ಕೆಲಸ ಈಗ ಮೆಷಿನ್ ಗರಗಸದ್ದು. ಡರ್ರೆಂದು ಮುಗಿಸಿ, ಪೆಟ್ರೋಲ್ ವಾಸನೆ ಬಿಟ್ಟು ಹೋಗುತ್ತದೆ. ನೋಡುವಂಥದ್ದೇನೂ ಇಲ್ಲ. ನಿಜವಾದ ಆಟ ಉದ್ದಕ್ಕೆ ಸಿಗಿಯುವಾಗ. ಮರದ ಎಳೆಗಳು ಬುಡದಿಂದ ಮೇಲಕ್ಕೆ ಓಡುವುದರಿಂದ ಅಡ್ಡಕ್ಕೆ ಗರಗಸವೇ ಬೇಕು, ಉದ್ದಕ್ಕೆ ಬೆಣೆ ಸಾಕು. ಬಲ್ಲವನು ಮೊದಲು ಕೊಡಲಿ ಎತ್ತುವುದಿಲ್ಲ. ಕುಕ್ಕರಗಾಲಲ್ಲಿ ಕೂತು ತುಂಡಿನ ಮುಖ ನೋಡುತ್ತಾನೆ. ಒಣಗುವಾಗ ಮರ ಉಂಗುರಗಳ ಗುಂಟ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯತ್ತ ಕಡಿಮೆ. ಈ ಎಳೆದಾಟಕ್ಕೆ ನಡುವಿನಿಂದ ಅಂಚಿಗೆ ಬಿರುಕುಗಳು ಬಿಟ್ಟಿರುತ್ತವೆ. ಬೆಣೆಗೆ ಅವೇ ದಾರಿ. ಎಲ್ಲಿ ಸೀಳಬೇಕೆಂದು ಮರ ಆಗಲೇ ತೀರ್ಮಾನಿಸಿದ್ದನ್ನು ಇವನು ಜಾರಿಗೆ ತರುತ್ತಾನೆ, ಅಷ್ಟೆ.

ತೊಂದರೆಯೆಂದರೆ, ಜಗಲಿಯ ಮೇಲೆ ಕೂತವರೂ ಅಷ್ಟರಲ್ಲಿ ತೀರ್ಮಾನಿಸಿರುತ್ತಾರೆ. ಸೌದೆ ಒಡೆಯುವವನನ್ನು ಕಂಡರೆ ಗಂಡಸರಿಗೆ ಬಾಯಿ ಸುಮ್ಮನಿರುವುದಿಲ್ಲ. ಹಾಲು ಹಾಕಿ ಬರುವವನೂ ಸೈಕಲ್ ನಿಲ್ಲಿಸಿ “ತಿರುಗಿಸಿ ಹೊಡಿ” ಎನ್ನುತ್ತಾನೆ. ಜಂಬೆಯ ತುಂಡಾದರಂತೂ ಜಾತ್ರೆಯೇ. ಆ ಗಟ್ಟಿ ಮರದ ಮೇಲೆ ಬಿದ್ದ ಕೊಡಲಿ ಠಣ್ಣೆಂದು ಚಿಮ್ಮಿದಾಗ ನಿವೃತ್ತ ಮೇಷ್ಟ್ರು, “ಏಟಿನಲ್ಲಿ ಜೋರಿಲ್ಲ ಕಣೋ” ಎಂದು ವೀಳ್ಯದೆಲೆಯ ನಾರು ಬಿಡಿಸುತ್ತಾರೆ.

“ನೀವೊಂದು ಹಾಕ್ತೀರಾ ಮೇಷ್ಟ್ರೇ?” ಎಂದು ಒಮ್ಮೆ ಒಡೆಯುವವನು ಕೊಡಲಿಯ ಕಾವು ಮುಂದೆ ಹಿಡಿದ. ಮೇಷ್ಟ್ರಿಗೆ ಮಂಡಿನೋವು ನೆನಪಾಯಿತು.

ಪಂಚತಂತ್ರದ ಮಂಗ ಅರ್ಧ ಸೀಳಿದ ದಿಮ್ಮಿಯಿಂದ ಬೆಣೆ ಕಿತ್ತು ಪ್ರಾಣ ಕಳೆದುಕೊಂಡದ್ದು ಚಪಲಕ್ಕೆ ಎನ್ನುತ್ತಾರೆ. ನನಗೇಕೋ, ಕೊಂಬೆಯ ಮೇಲೆ ಕೂತಿದ್ದ ಇನ್ನೊಂದು ಹಿರಿಯ ಮಂಗ “ಕೀಳು, ಏನಾಗಲ್ಲ” ಎಂದಿರಬೇಕು ಅನ್ನಿಸುತ್ತದೆ.

ಯಾರ ಸಲಹೆಯೂ ನಡೆಯದ ಜಾಗವೆಂದರೆ ಕವಲು. ಕೊಂಬೆ ಹೊರಟಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬೆಣೆ ಒಳಗೆ ಹೋಗುತ್ತದೆ, ಬಿರುಕು ಮಾತ್ರ ಮುಂದೆ ಹೋಗುವುದಿಲ್ಲ. ಆಗ ಆ ಬೆಣೆಯನ್ನು ಬಿಡಿಸಲು ಇನ್ನೊಂದು ಬೆಣೆ, ಅದನ್ನು ಬಿಡಿಸಲು ಮತ್ತೊಂದು. ಅವತ್ತೂ ಹಾಗೇ ಆಗಿ, ಸಂಜೆಗೆ ಎಲ್ಲರೂ ಸೋತು, ಆ ಗಂಟಿನ ಬೊಡ್ಡೆಯನ್ನು ಅಂಗಳದಂಚಿಗೆ ಉರುಳಿಸಿದರು. ಈಗ ಮೇಷ್ಟ್ರು ಅದರ ಮೇಲೇ ಕೂರುತ್ತಾರೆ. ಜಗಲಿಗಿಂತ ಅಲ್ಲಿಂದ ಕೊಡಲಿ ಚೆನ್ನಾಗಿ ಕಾಣುತ್ತದಂತೆ.