ಕಾಬೂಲಿಗೆ ಪ್ರವಾಸ ಹೊರಡುವ ಮುನ್ನ ಒಂದು ಅರ್ಜಿ

ಇವರಿಂದ: ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗ, ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ

ಇವರಿಗೆ: ಘನತೆವೆತ್ತ ಅಧಿಕಾರಿವರ್ಗ, ಗೃಹಭದ್ರತಾ ಇಲಾಖೆ, ವಾಷಿಂಗ್ಟನ್

ವಿಷಯ: ತಾವು ಸುರಕ್ಷಿತವೆಂದು ಷರಾ ಬರೆದಿರುವ ದೇಶಗಳ ಸ್ಥಳ ಮಹಜರು ನಡೆಸುವ ಬಗ್ಗೆ

ಮಾನ್ಯರೆ,

ಅರ್ಜಿದಾರನು ತಮ್ಮ ಅವಗಾಹನೆಗೆ ತರುವುದೇನೆಂದರೆ, ನಿವೃತ್ತಿಯಾದ ಮೇಲೆ ಲೋಕ ಸುತ್ತಬೇಕೆಂಬ ಆಸೆ ಅವನಿಗೂ ಅವನ ಹೆಂಡತಿಗೂ ಹುಟ್ಟಿದೆ. ಕಾಶಿ, ರಾಮೇಶ್ವರ ಮುಗಿದಿವೆ. ಮುಂದಿನ ಪ್ರವಾಸಕ್ಕೆ ಟ್ರಾವೆಲ್ಸ್‌ನವರ ಕರಪತ್ರ ತರಿಸುವ ಬದಲು ಅವನು ತಮ್ಮ ಇಲಾಖೆಯ 2025ರ ಆದೇಶಗಳನ್ನೇ ಓದತೊಡಗಿದ. ಪ್ರವಾಸದ ಬಗ್ಗೆ ಇಷ್ಟು ಉಮೇದಿನಿಂದ ಬರೆದ ಸರ್ಕಾರಿ ಕಾಗದವನ್ನು ಅವನು ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

ಅಮೆರಿಕದಲ್ಲಿರುವ ಅಫ್ಘಾನಿಸ್ತಾನದವರನ್ನು ವಾಪಸು ಕಳಿಸದಂತೆ ಕೊಟ್ಟಿದ್ದ ತಾತ್ಕಾಲಿಕ ರಕ್ಷಣೆಯನ್ನು ಹಿಂತೆಗೆದುಕೊಂಡ ಮೇ ತಿಂಗಳ ಅಧಿಸೂಚನೆಯನ್ನೇ ನೋಡಿ. ಭದ್ರತೆ ಸುಧಾರಿಸಿದೆ, ಆರ್ಥಿಕತೆ ಸ್ಥಿರವಾಗುತ್ತಿದೆ. ಅಷ್ಟೇ ಅಲ್ಲ, ಅಪಹರಣ ಕಡಿಮೆಯಾಗಿ ಪ್ರವಾಸಿಗರು ಹೆಚ್ಚಿದ್ದಾರೆ! ದಂಪತಿ ಸೂಟ್‌ಕೇಸಿನ ಧೂಳು ಕೊಡವಿದರು. ಅಷ್ಟರಲ್ಲಿ ತಮ್ಮದೇ ಸರ್ಕಾರದ ವಿದೇಶಾಂಗ ಇಲಾಖೆಯ ಸೂಚನೆ ಕಣ್ಣಿಗೆ ಬಿತ್ತು: ಅಫ್ಘಾನಿಸ್ತಾನ ನಾಲ್ಕನೆಯ ಹಂತದ ದೇಶ, ಹೋಗಲೇಬೇಡಿ. ಕಾಬೂಲಿನ ರಾಯಭಾರ ಕಚೇರಿಗೆ 2021ರ ಆಗಸ್ಟ್‌ನಲ್ಲಿ ಹಾಕಿದ ಬೀಗ ಹಾಗೇ ಇದೆ. ಇಂಥ ಅಪಾಯದ ಊರುಗಳಿಗೆ ಹೋಗಿಯೇ ತೀರುವವರಿಗಾಗಿ ಆ ಇಲಾಖೆ ಕೊಟ್ಟ ಸಲಹೆಗಳಲ್ಲಿ ಎರಡು ಹೀಗಿವೆ: ಉಯಿಲು ಬರೆದಿಡಿ, ಡಿಎನ್‌ಎ ಮಾದರಿಯನ್ನು ನಿಮ್ಮ ವೈದ್ಯರ ಹತ್ತಿರ ಕೊಟ್ಟಿರಿ. ಉಪ್ಪಿನಕಾಯಿ ಡಬ್ಬಿ ಮೊದಲು ಕಟ್ಟಬೇಕೋ, ಉಯಿಲು ಮೊದಲು ಬರೆಸಬೇಕೋ ಎಂದು ಅರ್ಜಿದಾರನ ಹೆಂಡತಿ ಕೇಳುತ್ತಿದ್ದಾರೆ.

ಒಂದೇ ತಾಲ್ಲೂಕು ಕಚೇರಿಯ ಒಂದು ಕಿಟಕಿಯಲ್ಲಿ ಬದುಕಿದ್ದಾನೆಂಬ ದೃಢೀಕರಣವೂ ಪಕ್ಕದ ಕಿಟಕಿಯಲ್ಲಿ ಅದೇ ಮನುಷ್ಯನ ಮರಣಪತ್ರವೂ ಸಿಗುವುದನ್ನು ಅರ್ಜಿದಾರ ಕಂಡವನೇ. ಆದರೆ ನಮ್ಮಲ್ಲಿ ಹಾಗಾದರೆ ಯಾರಾದರೊಬ್ಬ ಗುಮಾಸ್ತನಿಗೆ ನೋಟಿಸು ಬರುತ್ತದೆ.

ಅಂದಹಾಗೆ, ಅಫ್ಘನ್ನರ ರಕ್ಷಣೆ ಮುಗಿಯಿತೆಂದು ತಾವು ಪ್ರಕಟಿಸಿದ್ದು ಮೇ 12ರಂದು. ಅದೇ ದಿನ ವಾಷಿಂಗ್ಟನ್ ಬಳಿಯ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ದಕ್ಷಿಣ ಆಫ್ರಿಕಾದ ಐವತ್ತರ ಆಸುಪಾಸು ಬಿಳಿಯರು ನಿರಾಶ್ರಿತರಾಗಿ ಬಂದಿಳಿದರು. ಕೈಗೆ ಪುಟ್ಟ ಬಾವುಟ, ಸ್ವಾಗತಕ್ಕೆ ವಿದೇಶಾಂಗ ಇಲಾಖೆಯ ಉಪಕಾರ್ಯದರ್ಶಿ. ಅಫ್ಘನ್ನರ ರಕ್ಷಣೆ ಕೊನೆಗೊಳ್ಳುವ ಗಡುವು ಜುಲೈ 14. ಅದಕ್ಕೆ ಆರು ದಿನ ಮೊದಲು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹೆಣ್ಣುಮಕ್ಕಳ ಮೇಲಿನ ದಮನಕ್ಕಾಗಿ ತಾಲಿಬಾನಿನ ಪರಮೋಚ್ಚ ನಾಯಕನ ಮೇಲೆ ಬಂಧನದ ವಾರಂಟ್ ಹೊರಡಿಸಿತು.

ಇನ್ನು ಹೈಟಿ. 2010ರ ಜನವರಿ 12ರ ಭೂಕಂಪದ ನಂತರ ಕೊಟ್ಟ ರಕ್ಷಣೆ. ಸುಮಾರು ಮೂರೂವರೆ ಲಕ್ಷ ಜನರ ಬದುಕು. ಮನೆಗೆ ಮರಳಲು ಸಾಕಾಗುವಷ್ಟು ಅಲ್ಲಿನ ಸ್ಥಿತಿ ಸುಧಾರಿಸಿದೆ ಎಂದು ಇಲಾಖೆ ಹೇಳಿದ್ದು 2025ರ ಜೂನ್ 27ರಂದು. ಅದಕ್ಕೆ ಮೂರು ವಾರ ಹಿಂದೆ, ಜೂನ್ 4ರಂದು, ಅಧ್ಯಕ್ಷರು ಹೊರಡಿಸಿದ ಪ್ರವೇಶ ನಿಷೇಧದ ಪಟ್ಟಿಯಲ್ಲೂ ಹೈಟಿ ಇತ್ತು: ಬೇಕಾದ ಮಾಹಿತಿ ಒದಗಿಸಬಲ್ಲ ಕೇಂದ್ರ ಆಡಳಿತವೇ ಅಲ್ಲಿಲ್ಲವಂತೆ. ಮೇ ತಿಂಗಳಲ್ಲಿ ಅಲ್ಲಿನ ಎರಡು ಗ್ಯಾಂಗುಗಳು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿದ್ದವು. ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನ ಬಹುಪಾಲು ಅಂಥ ಗ್ಯಾಂಗುಗಳ ಕೈಯಲ್ಲಿದೆ. ಮನೆ ಬಿಟ್ಟು ಓಡಿದವರು 13 ಲಕ್ಷ ಎಂದು ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಅದೇ ಜೂನ್‌ನಲ್ಲಿ ಲೆಕ್ಕ ಕೊಟ್ಟಿತು.

ಆದರೂ ಮರಳುವವರಿಗೆ ತಮ್ಮ ಔದಾರ್ಯವೇನೂ ಕಡಿಮೆಯಲ್ಲ. ಮೊಬೈಲ್ ಆ್ಯಪ್ ಒತ್ತಿ ತಾನಾಗಿ ಹೊರಡುವೆನೆಂದರೆ ವಿಮಾನದ ಟಿಕೆಟ್ ಪುಕ್ಕಟೆ, ಮೇಲೆ 2025ರಲ್ಲಿ 1,000 ಡಾಲರ್ ಕಾಣಿಕೆಯೂ ಇತ್ತು. ಒಂದೇ ಒಂದು ಅಡಚಣೆ: 2024ರ ನವೆಂಬರ್ 11ರಂದು ಪೋರ್ಟ್ ಔ ಪ್ರಿನ್ಸ್‌ನಲ್ಲಿ ಇಳಿಯುತ್ತಿದ್ದ ಸ್ಪಿರಿಟ್ ಕಂಪನಿಯ ವಿಮಾನಕ್ಕೆ ಗುಂಡು ತಾಗಿ, ಸಿಬ್ಬಂದಿಯೊಬ್ಬರು ಗಾಯಗೊಂಡು, ವಿಮಾನ ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ತಿರುಗಿತು. ಮರುದಿನವೇ ಅಮೆರಿಕದ ವಿಮಾನಯಾನ ಆಡಳಿತ ತನ್ನ ದೇಶದ ವಿಮಾನಗಳಿಗೆ ಆ ಊರನ್ನು ನಿಷೇಧಿಸಿತು. ನಿಷೇಧ 2025ರ ಉದ್ದಕ್ಕೂ ಮುಂದುವರಿಯಿತು. ಗಡೀಪಾರಾದವರನ್ನು ಉತ್ತರದ ಕ್ಯಾಪ್ ಹೈಟಿಯನ್‌ನಲ್ಲಿ ಇಳಿಸಲಾಗುತ್ತದೆ. ಅಲ್ಲಿಂದ ರಾಜಧಾನಿಯ ಮನೆಗೆ ಹೋಗುವ ದಾರಿಯಲ್ಲಿ ಗ್ಯಾಂಗಿನವರ ಸುಂಕದ ಕಟ್ಟೆಗಳಿವೆ. ಆ 1,000 ಡಾಲರ್ ಅದಕ್ಕೆಂದೇ ಕೊಟ್ಟದ್ದಾಗಿದ್ದರೆ ಇಲಾಖೆಯ ದೂರದೃಷ್ಟಿಗೆ ನಮಸ್ಕಾರ.

ನಿಕರಾಗುವಾದ್ದು ಚುಟುಕಾಗಿ. ಮಿಚ್ ಚಂಡಮಾರುತದ ನಂತರ 1999ರಲ್ಲಿ ಕೊಟ್ಟ ರಕ್ಷಣೆ ಅದು. 1998ರ ಡಿಸೆಂಬರ್ 30ಕ್ಕೇ ಅಮೆರಿಕದಲ್ಲಿದ್ದವರಿಗೆ ಮಾತ್ರ. ಅಂದು ತೊಟ್ಟಿಲಲ್ಲಿದ್ದ ಕೂಸಿಗೂ ಈಗ ಇಪ್ಪತ್ತಾರು ದಾಟಿದೆ. ಆ ದೇಶ ಪ್ರವಾಸೋದ್ಯಮದಲ್ಲಿ ಮುಂಚೂಣಿಗೆ ಬರುತ್ತಿದೆ ಎಂಬುದು ತಮ್ಮ ಷರಾ. ಮತ್ತೆ ಪ್ರವಾಸವೇ!

ನೇಪಾಳದ ವಿಷಯದಲ್ಲಿ ತಮ್ಮ ಮಾತಿಗೆ ಹುರುಳಿತ್ತು. 2015ರ ಭೂಕಂಪದಲ್ಲಿ ಬಿದ್ದ ಮನೆಗಳು ಬಹುಮಟ್ಟಿಗೆ ಎದ್ದಿವೆ. ರಕ್ಷಣೆ ಮುಗಿಸುವುದಕ್ಕೆ ಕೆಳ ನ್ಯಾಯಾಲಯ ಹಾಕಿದ್ದ ತಡೆಯನ್ನು ಮೇಲ್ಮನವಿ ನ್ಯಾಯಾಲಯ 2025ರ ಆಗಸ್ಟ್ 20ರಂದು ಸರಿಸಿತು. ಆದರೆ ಅದೇ ವರ್ಷ ಸೆಪ್ಟೆಂಬರ್ 8 ಮತ್ತು 9ರ ಗಲಭೆಯಲ್ಲಿ 70ಕ್ಕೂ ಹೆಚ್ಚು ಜನ ಸತ್ತರು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನ, ಸಿಂಹ ದರ್ಬಾರಿನ ಜೊತೆ ಪ್ರವಾಸಿಗರ ಹಿಲ್ಟನ್ ಹೋಟೆಲೂ ಉರಿಯಿತು. ಇದಕ್ಕೆ ಇಲಾಖೆಯನ್ನು ದೂರುವಂತಿಲ್ಲ. ಜ್ಯೋತಿಷ ಹೇಳುವುದು ಅದರ ಕೆಲಸವಲ್ಲ. ಹಾಗಾದ ಮೇಲೆ ಕಡತ ಮತ್ತೆ ತೆರೆಯುವುದಾದರೂ ಅದರ ಕೆಲಸವೇ ಎಂದಷ್ಟೇ ಪ್ರಶ್ನೆ.

ಉಪದೇಶ ಮಾಡುವ ಯೋಗ್ಯತೆ ಅರ್ಜಿದಾರನಿಗಿಲ್ಲ. ಅವನ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರಿದ್ದಾರೆ. ಆದರೂ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ, ಅದಕ್ಕೆಂದೇ ಒಂದು ಕಾನೂನೂ ಇಲ್ಲ. ತಾತ್ಕಾಲಿಕವಾಗಿ ಕೊಟ್ಟದ್ದನ್ನು ಒಂದು ದಿನ ಮುಗಿಸುವ ಹಕ್ಕು ತಮಗಿದೆ. 1990ರ ಕಾನೂನೇ ಅದನ್ನು ಕೊಟ್ಟಿದೆ. ಆದರೆ ಗಡುವಿಗೆ ಅರವತ್ತು ದಿನ ಮೊದಲೇ ಸಂಬಂಧಪಟ್ಟ ಇಲಾಖೆಗಳನ್ನು ಕೇಳಿ ಆ ದೇಶದ ಸ್ಥಿತಿ ಪರಿಶೀಲಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ. ಅರ್ಜಿದಾರನ ತಕರಾರು ಪಹಣಿಯ ಎಂಟ್ರಿಯದ್ದು. ಬೆಳೆ ಇಲ್ಲದ ಹೊಲಕ್ಕೆ ರಾಗಿ ಬರೆಯಬಾರದು.

ಹೈಟಿಯವರ ರಕ್ಷಣೆ ಮುಗಿಸಲು 2025ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಇನ್ನೊಂದು ಸಾಲಿದೆ: ಅಲ್ಲಿನ ಸ್ಥಿತಿ ಹೇಗೇ ಇರಲಿ, ಇವರನ್ನು ಇಟ್ಟುಕೊಳ್ಳುವುದು ರಾಷ್ಟ್ರದ ಹಿತಕ್ಕೆ ವಿರುದ್ಧ. ಈ ಸಾಲನ್ನು ಮೊದಲೇ ಬರೆದು ಉಳಿದದ್ದನ್ನು ಹೊಡೆದುಹಾಕಿದ್ದರೆ ಅರ್ಜಿದಾರ ಸೂಟ್‌ಕೇಸಿಗೆ ಕೈ ಹಾಕುತ್ತಲೇ ಇರಲಿಲ್ಲ. ಅದು ಸಾಧ್ಯವಿಲ್ಲವೆಂದರೆ, ಷರಾ ಬರೆದ ಅಧಿಕಾರಿಗಳೇ ಪೋರ್ಟ್ ಔ ಪ್ರಿನ್ಸ್‌ಗೆ ಖುದ್ದು ಹೋಗಿ, ಅಲ್ಲಿನವರೇ ಇಬ್ಬರು ಪಂಚರ ಸಹಿ ಪಡೆದು ಮಹಜರು ಸಲ್ಲಿಸಬೇಕಾಗಿ ಪ್ರಾರ್ಥನೆ. ಹೋಗುವ ಖರ್ಚಿಗೆ ತಮ್ಮ ಆ್ಯಪ್ ಇದ್ದೇ ಇದೆ.

ಇಂತಿ ತಮ್ಮ ವಿಧೇಯ,
ಅರ್ಜಿದಾರ

ವಿ.ಸೂ.: ಅರ್ಜಿಯನ್ನು ಲಕೋಟೆಗೆ ಹಾಕುವಷ್ಟರಲ್ಲಿ ಮ್ಯಾನ್ಮಾರಿನ ಸುಮಾರು 4,000 ಜನರ ರಕ್ಷಣೆಯೂ ಮುಗಿಯುತ್ತದೆಂಬ 2025ರ ನವೆಂಬರ್ 24ರ ಪ್ರಕಟಣೆ ಕಣ್ಣಿಗೆ ಬಿದ್ದಿದೆ. ಅಲ್ಲಿ ಆಗ ಮುಕ್ತ, ನ್ಯಾಯಸಮ್ಮತ ಚುನಾವಣೆಯ ಸಿದ್ಧತೆ ನಡೆದಿತ್ತಂತೆ. 2020ರ ಚುನಾವಣೆ ಗೆದ್ದ ಆಂಗ್ ಸಾನ್ ಸೂಕಿ 2021ರಲ್ಲೇ ಬಂಧನಕ್ಕೊಳಗಾದರು, ಅವರ ಪಕ್ಷ 2023ರಲ್ಲೇ ವಿಸರ್ಜನೆಯಾಗಿದೆ. ಮಹಜರಿಗೆ ಯಾಂಗೂನನ್ನೂ ಸೇರಿಸಿಕೊಳ್ಳುವುದು.